ಪಿಶಾಚಿಯ 31 ಕಾಗದಗಳು

1941ನೆಯ ಇಸವಿಯ ಮೇ ತಿಂಗಳು. ಇಂಗ್ಲೆಂಡಿನ ನಗರಗಳ ಮೇಲೆ ಜರ್ಮನಿಯ ವಿಮಾನಗಳು ಬಾಂಬುಗಳನ್ನು ಸುರಿಸುತ್ತಿದ್ದ ಕಾಲ. ಆ ತಿಂಗಳ 2ನೆಯ ತಾರೀಖಿನಂದು ‘ದಿ ಗಾರ್ಡಿಯನ್’ ಎಂಬ ಆಂಗ್ಲಿಕನ್ ವಾರಪತ್ರಿಕೆಯಲ್ಲಿ ವಿಚಿತ್ರವಾದ ಕಾಗದವೊಂದು ಅಚ್ಚಾಯಿತು. ಬರೆದವನು ಸ್ಕ್ರೂಟೇಪ್ ಎಂಬ ಹಿರಿಯ ಪಿಶಾಚಿ. ಅದು ಬಂದುದು ಕೆಲಸಕ್ಕೆ ಹೊಸಬನಾದ ಸೋದರಳಿಯ ವರ್ಮ್‌ವುಡ್‌ನ ಹೆಸರಿಗೆ. ಭೂಲೋಕದ ಒಬ್ಬ ತರುಣನನ್ನು ದೇವರಿಂದ ದೂರಮಾಡಿ ನರಕಕ್ಕೆ ಕರೆತರುವ ಬಗೆ ಹೇಗೆಂಬುದೇ ಮಾವನ ಉಪದೇಶ. ವಾರಕ್ಕೊಂದರಂತೆ 31 ಕಾಗದಗಳು ಬಂದು, 1942ರಲ್ಲಿ ಪುಸ್ತಕವಾದವು. ನಿಜವಾದ ಲೇಖಕರು ಆಕ್ಸ್‌ಫರ್ಡಿನ ಅಧ್ಯಾಪಕರಾದ ಸಿ. ಎಸ್. ಲೂಯಿಸ್.

ಹಳ್ಳಿಯ ಪಾದ್ರಿಯೊಬ್ಬರು ಈ ಉಪದೇಶದಲ್ಲಿ ಬಹುಪಾಲು ತಪ್ಪಷ್ಟೇ ಅಲ್ಲ, ಶುದ್ಧ ಪೈಶಾಚಿಕವೂ ಹೌದೆಂದು ಸಂಪಾದಕರಿಗೆ ಬರೆದು ಚಂದಾ ನಿಲ್ಲಿಸಿದರಂತೆ! ಇದನ್ನು ಲೂಯಿಸರೇ ಮುಂದೆ ನಗುತ್ತ ನೆನೆದಿದ್ದಾರೆ.

ಆದರೆ ಈ ನಗೆಯ ಬುಡದಲ್ಲಿ ಬಾಲ್ಯದ ನೋವೊಂದು ಅಡಗಿದೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಲೂಯಿಸರು 1908ರಲ್ಲಿ, 9ನೆಯ ವಯಸ್ಸಿನಲ್ಲಿ, ತಾಯಿಯನ್ನು ಕಳೆದುಕೊಂಡರು. ವಸತಿಶಾಲೆಯಲ್ಲಿದ್ದಾಗ ರಾತ್ರಿಯ ಪ್ರಾರ್ಥನೆ ಅವರಿಗೆ ಹೊರೆಯಾಯಿತು. ಪ್ರತಿ ಮಾತೂ ಮನಸ್ಸಿನಲ್ಲಿ ನಾಟಲೇಬೇಕು, ಇಲ್ಲವಾದರೆ ಮತ್ತೆ ಮೊದಲಿನಿಂದ ಹೇಳಬೇಕು ಎಂದು ಆ ಹುಡುಗ ತನಗೆ ತಾನೇ ಕಟ್ಟುಪಾಡು ವಿಧಿಸಿಕೊಂಡಿದ್ದನು. ಬಳಲಿದ ಮನಸ್ಸು ಕೊನೆಗೆ ನಂಬಿಕೆಯನ್ನೇ ಕೆಳಗಿಳಿಸಿ ಹಗುರಾಯಿತು. 1914ರ ಡಿಸೆಂಬರಿನಲ್ಲಿ ಅವನಿಗೆ ದೃಢೀಕರಣ ಸಂಸ್ಕಾರವಾಯಿತು. ಮೊದಲ ಪ್ರಭುಭೋಜನವನ್ನೂ ಸ್ವೀಕರಿಸಿದನು. ನಂಬಿಕೆ ಮಾತ್ರ ಎಳ್ಳಷ್ಟೂ ಇರಲಿಲ್ಲ. ತಂದೆಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ತಮ್ಮ ಬಾಳಿನ ಅತಿ ಕೆಟ್ಟ ಕೃತ್ಯಗಳಲ್ಲಿ ಅದೂ ಒಂದೆಂದು 1955ರ ಆತ್ಮಕಥೆಯಲ್ಲಿ ಅವರು ಒಪ್ಪಿಕೊಂಡರು. ಅವರು ಕ್ರೈಸ್ತ ನಂಬಿಕೆಗೆ ಮರಳಿದುದು 1931ರಲ್ಲಿ; ತಂದೆ 1929ರಲ್ಲಿಯೇ ತೀರಿಕೊಂಡಿದ್ದರು.

ಇದನ್ನು ತಿಳಿದು ನಾಲ್ಕನೆಯ ಕಾಗದವನ್ನು ಓದಿದರೆ ಅದರ ಮರ್ಮ ಹೊಳೆಯುತ್ತದೆ. ಪ್ರಾರ್ಥಿಸುವವನು ದೇವರತ್ತ ನೋಡದೆ ತನ್ನ ಭಾವನೆಗಳನ್ನೇ ತೂಗಿ ನೋಡುತ್ತ ಕೂರುವಂತೆ ಮಾಡು ಎಂಬುದು ಅಲ್ಲಿಯ ಪಿಶಾಚಿಯ ಬೋಧೆ. ಬಾಲಕನನ್ನು ಬಳಲಿಸಿದ ಭೂತವನ್ನೇ ಪ್ರೌಢನಾದವನು ನಗೆಯಿಂದ ಬಯಲಿಗೆಳೆದಿದ್ದಾನೆ.

ಮೂರನೆಯ ಕಾಗದವಂತೂ ಮನೆಮಂದಿಯೆಲ್ಲ ಕೂಡಿ ಓದತಕ್ಕದ್ದು. ತಾಯಿ ಮಗ ಒಂದೇ ಸೂರಿನಡಿ ಇದ್ದಾರೆ. ಒಬ್ಬರ ದನಿ, ಮುಖಭಾವ ಇನ್ನೊಬ್ಬರಿಗೆ ಮುಳ್ಳು. ಮಗನು ತಾಯಿಯ ಆತ್ಮೋದ್ಧಾರಕ್ಕಾಗಿ ಪ್ರಾರ್ಥಿಸಲಿ, ಅವಳ ಕೀಲುನೋವು ಮಾತ್ರ ಅವನ ನೆನಪಿಗೆ ಬಾರದಿರಲಿ ಎಂದು ಮಾವನ ಹಂಚಿಕೆ! ಹದಿನೈದರ ಹುಡುಗನಿಗೆ ಮುಖಾಮುಖಿ ಉಪದೇಶಿಸಿದರೆ ಅವನು ಬಾಗಿಲು ಹಾಕಿಕೊಂಡಾನು. ಇಲ್ಲಿಯಾದರೋ ದೂಷಣೆಗೆ ಗುರಿಯಾಗುವವನು ಅವನಲ್ಲ, ಪಿಶಾಚಿ. “ಈ ಮಾವ ನಮ್ಮ ಮನೆಗೆ ಬಂದರೆ ಯಾವ ಮೂಲೆಯಲ್ಲಿ ಕೂತಾನು?” ಎಂದು ತಂದೆ ಕೇಳಿದರೆ, ಮಗನು ನಗುತ್ತಲೇ ನಿಜ ನುಡಿದಾನು. ಅದಕ್ಕೆ ಮೊದಲು ತಂದೆಯೇ ತನ್ನ ಮೂಲೆಯನ್ನು ತೋರಿಸಿಕೊಟ್ಟರೆ ಇನ್ನೂ ಲೇಸು.

ಎಚ್ಚರಿಕೆಯೂ ಬೇಕು. ಇಲ್ಲಿ ‘ಶತ್ರು’ ಎಂದರೆ ದೇವರು; ಎಲ್ಲವನ್ನೂ ತಿರುವಿ ಓದಬೇಕು. ಆದುದರಿಂದ ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ. ನಗೆಯೆಲ್ಲ ಒಂದೇ ಬಗೆಯದೂ ಅಲ್ಲ. ಹನ್ನೊಂದನೆಯ ಕಾಗದದಲ್ಲಿ ಪಿಶಾಚಿಯೇ ನಗೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಏನನ್ನೂ ಗಂಭೀರವಾಗಿ ಎಣಿಸದ ಲಘುವಾದ ಗೇಲಿಯೇ ತನಗೆ ಅತ್ಯಂತ ಪ್ರಯೋಜನಕಾರಿಯೆನ್ನುತ್ತಾನೆ. ಮಕ್ಕಳ ಸಂದೇಹವನ್ನು ಗೇಲಿಮಾಡುವ ಹಿರಿಯರೂ, ಹಿರಿಯರ ಭಕ್ತಿಯನ್ನು ಗೇಲಿಮಾಡುವ ಮಕ್ಕಳೂ ಇದನ್ನು ಮರೆಯಬಾರದು.

ಕೊನೆಯ ಕಾಗದದಲ್ಲಿ ಆ ತರುಣ ವಿಮಾನದಾಳಿಯಲ್ಲಿ ಮಡಿಯುತ್ತಾನೆ. ಆದರೆ ಪಿಶಾಚಿಗಳ ಕೈಗೆ ಸಿಕ್ಕುವುದಿಲ್ಲ. ಅಲ್ಲಿಗೆ ನಗೆ ನಿಂತು ಓದುಗನು ಮೌನವಾಗುತ್ತಾನೆ. ಮಾತಿಗೆ ತಕ್ಕ ಗಳಿಗೆ ಅದೇ. ಆ ಗಳಿಗೆಯಲ್ಲಿ “ನನಗೆ ನಂಬಿಕೆ ಬರುತ್ತಿಲ್ಲ” ಎಂದು ಮಗನು ಹೇಳಿದರೂ ಹೇಳಲಿ. ಬೆಲ್‌ಫಾಸ್ಟಿನ ಹುಡುಗನಿಗೆ 1914ರಲ್ಲಿ ಆಡಲಾಗದೆ ಹೋದುದು ಅದೊಂದೇ ಮಾತು; ಕೇಳುವ ಕಿವಿ ಮನೆಯಲ್ಲಿದ್ದರೆ ಅದನ್ನು ಮುಚ್ಚಿಡುವ ಅಗತ್ಯವೇ ಬೀಳದು.