ಚೇಳಿನ ಮಾತು, ಹಕ್ಕಿಯ ಮಾತು

ದಲಿತ ವಿಮರ್ಶೆ ಅಂದ ಕೂಡಲೇ ನಾವು ಕತೆ, ಕವಿತೆ, ಆತ್ಮಕತೆಗಳ ಹತ್ತಿರವೇ ನಿಂತುಬಿಡುತ್ತೇವೆ. ಚಿತ್ರಕಲೆ ಉಳ್ಳವರ ಗೋಡೆಗೆ ಸೇರಿದ್ದು ಅನ್ನೋ ಭಾವನೆ ನಮ್ಮೊಳಗೂ ಕೂತಿದೆ. ನನ್ನಲ್ಲಿ ಅದನ್ನು ಅಲುಗಾಡಿಸಿದ್ದು 2011ರಲ್ಲಿ ನವಯಾನ ಪ್ರಕಟಿಸಿದ 'ಭೀಮಾಯಣ'. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಚಿತ್ರಗಳು ಮಧ್ಯಪ್ರದೇಶದ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿಯದು.

ಪರಧಾನರು ಮೂಲತಃ ಹಾಡುಗಾರರು. 'ಬಾನಾ' ಎಂಬ ತಂತಿವಾದ್ಯ ನುಡಿಸುತ್ತ ಗೊಂಡ ಒಡೆಯರ ವಂಶಾವಳಿ, ದೇವರ ಕತೆ ಹಾಡುತ್ತಿದ್ದವರು. 1980ರ ದಶಕದಲ್ಲಿ ಪಾಟನ್‌ಗಢದ ಜನಗಢ ಸಿಂಗ್ ಶ್ಯಾಮ್ ಭೋಪಾಲದ ಭಾರತ ಭವನಕ್ಕೆ ಬಂದ ಮೇಲೆ ಆ ಹಾಡು ಕಾಗದದ ಮೇಲೆ ಬಣ್ಣವಾಯಿತು. ಒಡೆಯರನ್ನು ಹಾಡುತ್ತಿದ್ದ ಪರಂಪರೆ 'ಭೀಮಾಯಣ'ದಲ್ಲಿ ಒಡೆತನವನ್ನೇ ಪ್ರಶ್ನಿಸಿದವನನ್ನು ಹಾಡುತ್ತದೆ. ಇದು ಸಣ್ಣ ತಿರುವಲ್ಲ.

ಕಾಮಿಕ್ ಪುಸ್ತಕದಂತೆ ಪಾತ್ರಗಳನ್ನು ಚೌಕದೊಳಗೆ ಕೂಡಿಹಾಕಲು ವ್ಯಾಮ್ ದಂಪತಿ ಒಪ್ಪಲಿಲ್ಲ. ಚೌಕದ ಬದಲು ತಮ್ಮ ಮನೆಯ ಗೋಡೆ, ನೆಲದ ಮೇಲೆ ಬರೆಯುವ 'ದಿಗ್ನಾ' ವಿನ್ಯಾಸವನ್ನೇ ಪುಟಕ್ಕೆ ಹರಿಬಿಟ್ಟರು. ಊರು, ಕೇರಿ ಅಂತ ಗೆರೆ ಎಳೆದ ಸಮಾಜದ ಕತೆಯನ್ನು ಗೆರೆ ಮುರಿದೇ ಹೇಳಬೇಕಲ್ಲವೇ? ಜಾತಿಯ ವಿಷ ಕಾರುವವರ ಮಾತಿಗೆ ಚೇಳಿನ ಕೊಂಡಿ, ನೊಂದವರ ಮಾತಿಗೆ ಹಕ್ಕಿಯ ಆಕಾರ, ಮನಸ್ಸಿನೊಳಗಿನ ಮಾತಿಗೆ ಒಂದು ಕಣ್ಣು. ಓದು ಬಾರದ ನಮ್ಮ ಅವ್ವನೂ ಯಾರ ಮಾತು ಕುಟುಕುತ್ತೆ ಅಂತ ನೋಡಿಯೇ ಹೇಳಿಯಾಳು.

ಪುಸ್ತಕದ ಮೊದಲ ಭಾಗ ನೀರು. 1901ರಲ್ಲಿ ಅಪ್ಪನನ್ನು ನೋಡಲು ಗೋರೆಗಾಂವ್‌ಗೆ ಹೊರಟ ಬಾಲಕ ಭೀಮರಾವ್‌ನ ಬಾಯಾರಿಕೆ 1927ರ ಮಹಾಡ್ ಕೆರೆಯವರೆಗೂ ಸಾಗುತ್ತದೆ.

ಇದರ ಪಕ್ಕದಲ್ಲಿ ನಾಗಪುರದ ಸವಿ ಸಾವರ್ಕರ್ ಚಿತ್ರಗಳನ್ನು ಇಟ್ಟು ನೋಡಬೇಕು. ಕಲಾಶಾಲೆಯಲ್ಲಿ ಕಲಿತ ಅವರು ಪೇಶ್ವೆ ಕಾಲದ ಅಸ್ಪೃಶ್ಯನ ಕೊರಳಿಗೆ ಕಟ್ಟಿದ ಮಡಕೆಯನ್ನು, ಪೊರಕೆಯನ್ನು ಕಣ್ಣಿಗೆ ರಾಚುವಂತೆ ತೋರಿಸುತ್ತಾರೆ. ಅಲ್ಲಿ ಗಾಯವೇ ಎದುರು ಬಂದು ನಿಲ್ಲುತ್ತದೆ. ವ್ಯಾಮರಲ್ಲಿ ಗಾಯದ ಸುತ್ತ ಮೀನು, ಮರ, ಹಕ್ಕಿಗಳೂ ಸಾಕ್ಷಿ ನುಡಿಯುತ್ತವೆ. ಎರಡೂ ನಮಗೆ ಬೇಕು.

ನನ್ನ ತಕರಾರು ಇರುವುದು ಹಣೆಪಟ್ಟಿಯ ಬಗ್ಗೆ. ಕಲಾಶಾಲೆಯಿಂದ ಬಂದರೆ 'ಆಧುನಿಕ', ಮಣ್ಣಿನ ಗೋಡೆಯಿಂದ ಬಂದರೆ 'ಜಾನಪದ'. ಇದೂ ಒಂದು ಪಂಕ್ತಿಭೇದವೇ. ಇವತ್ತು ಬದುಕಿ, ಇವತ್ತಿನ ಪ್ರಶ್ನೆ ಕೇಳುತ್ತಿರುವ ದುರ್ಗಾಬಾಯಿ ಸಮಕಾಲೀನರಲ್ಲದೆ ಮತ್ತೇನು?

ಗೆಳೆಯರೇ, ನಮ್ಮ ಅವ್ವಂದಿರು ಕೆಮ್ಮಣ್ಣು, ಸುಣ್ಣದಲ್ಲಿ ಗೋಡೆ ಮೇಲೆ ಬರೆದದ್ದನ್ನು ನಾವು ಯಾವತ್ತಾದರೂ ಓದಿದ್ದೇವಾ?