ಭಾರ ದೇವರ ಮೇಲೆ, ದುಡಿಮೆ ನಮ್ಮದು

"ಎಲ್ಲ ಭಾರ ದೇವರ ಮೇಲೆ" ಎಂದು ಕೈಕಟ್ಟಿ ಕುಳಿತುಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಕ್ರೈಸ್ತ ವಿಶ್ವಾಸ ಕಲಿಸುವ ಭರವಸೆ ಅಂಥದ್ದಲ್ಲ. ರೆವರೆಂಡ್ ಕಿಟೆಲ್ ಅವರ ಬಾಳೇ ಇದಕ್ಕೆ ಸಾಕ್ಷಿ.

1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ಕನ್ನಡ ನಾಡಿಗೆ ಬಂದರು. ಜನರ ಭಾಷೆಯನ್ನು ಮನವಿಟ್ಟು ಕಲಿತು, 1862ರಲ್ಲಿ 'ಕಥಾಮಾಲೆ' ಎಂಬ ಹೆಸರಿನಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದರು. ಎರಡೇ ವರ್ಷಗಳಲ್ಲಿ ಪತ್ನಿ ತೀರಿಕೊಂಡರು. ಆ ದುಃಖದಲ್ಲೂ ಕಿಟೆಲ್ಲರು ಹಿಡಿದ ಕೆಲಸವನ್ನು ಬಿಡಲಿಲ್ಲ. 1877ರಲ್ಲಿ ತಾಯ್ನಾಡಿಗೆ ಮರಳಿದವರು, ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಹಡಗು ಹತ್ತಿದರು. 1894ರಲ್ಲಿ ಸುಮಾರು 70,000 ಶಬ್ದಗಳ ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು.

ವಿಶ್ವಾಸ ಒಂದೇ ದಿನದಲ್ಲಿ ಬೆಳೆಯುವುದಿಲ್ಲ. ತಾಳ್ಮೆಯೂ ಶೀಲವೂ ಹಾಗೆಯೇ. ಮಳೆ ದೇವರದು, ಉಳುಮೆ ನಮ್ಮದು. ಗಡಿನಾಡಿನಲ್ಲಿ ಕನ್ನಡದ ಗತಿಯೇನು ಎಂದು ನಿಟ್ಟುಸಿರುಬಿಡುವ ನಾವು, ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಮಕ್ಕಳ ಕೈಗೆ ಒಂದು ಕನ್ನಡ ಪುಸ್ತಕವನ್ನು ಕೊಡುತ್ತೇವೆಯೇ?