ಕ್ಯಾನ್ಸರ್ ಮಾತ್ರೆ ಶುರುವಾದ ಮೇಲೆ ಮೈಮೇಲೆ ಗುಳ್ಳೆಯೇ? ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ

ಮೈಸೂರು: ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ನಮ್ಮ ಕಡೆ ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಹೆಚ್ಚು. ಮುಳ್ಳು ಚುಚ್ಚಿದ ಕಲೆ ಅಂತ ಸುಮ್ಮನಿದ್ದು, ತಡವಾಗಿ ಆಸ್ಪತ್ರೆಗೆ ಹೋಗುವವರೂ ಇದ್ದಾರೆ. ಈ ಕಾಯಿಲೆಗೆ ಈಗ ಮಾತ್ರೆಗಳೂ ಇವೆ. ಆದರೆ ಮಾತ್ರೆ ತಗೊಂಡ ಮೇಲೆ ಚರ್ಮ ಕೆಟ್ಟಿತು ಅಂತ ಹೆದರಿ ತಾವೇ ನಿಲ್ಲಿಸಿಬಿಟ್ಟರೆ ಗಡ್ಡೆ ಮತ್ತೆ ಬೆಳೆಯಬಹುದು.

ಏನಿದು ಮಾತ್ರೆ?

ಇದಕ್ಕೆ ಟಾರ್ಗೆಟೆಡ್ ಥೆರಪಿ ಅಂತಾರೆ. ಗಡ್ಡೆಯ ತುಣುಕು ಪರೀಕ್ಷಿಸಿ, ಬಿ-ರಾಫ್ ಎಂಬ ಜೀನ್‌ನಲ್ಲಿ ದೋಷ ಕಂಡರೆ ಮಾತ್ರ ವೆಮುರಾಫೆನಿಬ್, ಡಾಬ್ರಾಫೆನಿಬ್‌ನಂಥ ಮಾತ್ರೆ ಕೊಡುತ್ತಾರೆ. ಅಮೆರಿಕದಲ್ಲಿ ಇವುಗಳಿಗೆ 2011 ಮತ್ತು 2013ರಲ್ಲಿ ಒಪ್ಪಿಗೆ ಸಿಕ್ಕಿತು. ಡಾಬ್ರಾಫೆನಿಬ್ ಜೊತೆ ಟ್ರಾಮೆಟಿನಿಬ್ ಸೇರಿಸಿ ಕೊಡುವುದೂ ಉಂಟು.

ಚರ್ಮಕ್ಕೆ ಯಾಕೆ ತೊಂದರೆ?

ಗಡ್ಡೆ ಬೆಳೆಯಲು ಬಳಸುವ ದಾರಿಯನ್ನೇ ಒಳ್ಳೆಯ ಚರ್ಮವೂ ಬಳಸುತ್ತದೆ. ಮಾತ್ರೆ ಆ ದಾರಿಗೆ ಕೈಹಾಕಿದಾಗ ಚರ್ಮದ ಲೆಕ್ಕಾಚಾರವೂ ತಪ್ಪುತ್ತದೆ.

* ಮೈಮೇಲೆ ಕೆಂಪು ದದ್ದು, ತುರಿಕೆ, ಒಣಚರ್ಮ.
* ಅಂಗಾಲು, ಅಂಗೈ ದಪ್ಪಗಾಗಿ ನೋವು. ದೇವರಾಜ ಮಾರುಕಟ್ಟೆಯಲ್ಲಿ ದಿನವಿಡೀ ನಿಂತು ವ್ಯಾಪಾರ ಮಾಡುವಂಥವರಿಗೆ ಇದು ಜಾಸ್ತಿ ಕಾಡುತ್ತದೆ. ಮೆತ್ತನೆ ಚಪ್ಪಲಿ ಬೇಕು.
* ವೆಮುರಾಫೆನಿಬ್ ತಗೊಳ್ಳುವವರಿಗೆ ಬಿಸಿಲು ಆಗಿಬರಲ್ಲ, ಬೇಗ ಚರ್ಮ ಸುಡುತ್ತದೆ. ತೊಂದರೆ ಕೊಡುವ ಕಿರಣ ಗಾಜನ್ನೂ ದಾಟುತ್ತದೆ. ಬೆಂಗಳೂರಿನ ಕಿದ್ವಾಯಿಗೆ ಬಸ್ಸಲ್ಲಿ ಹೋಗುವವರು ಬಿಸಿಲು ಬೀಳುವ ಕಿಟಕಿ ಪಕ್ಕ ಕೂರಬಾರದು. ತುಂಬುತೋಳಿನ ಬಟ್ಟೆ, ಟೋಪಿ, ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಇರಲಿ.
* ಟ್ರಾಮೆಟಿನಿಬ್‌ನಿಂದ ಮುಖ, ಎದೆ, ಬೆನ್ನಿಗೆ ಮೊಡವೆಯಂಥ ಗುಳ್ಳೆ. ಇದು ಹರೆಯದ ಮೊಡವೆಯಲ್ಲ, ಆ ಕ್ರೀಮ್ ಹಚ್ಚಬೇಡಿ.
* ಹೊಸ ನರುಳ್ಳೆ, ಗಟ್ಟಿ ಗಂಟು. ಕೆಲವೊಮ್ಮೆ ಇದು ಬೇರೊಂದು ಬಗೆಯ ಚರ್ಮದ ಕ್ಯಾನ್ಸರ್ ಆಗಿರಬಹುದು. ಸಾಮಾನ್ಯವಾಗಿ ಕತ್ತರಿಸಿ ತೆಗೆದರೆ ಸಾಕು, ಮಾತ್ರೆ ಮುಂದುವರಿಯುತ್ತದೆ. ಎರಡೂ ಮಾತ್ರೆ ಸೇರಿಸಿ ಕೊಟ್ಟಾಗ ಇದು ಕಡಿಮೆ.

ಏನು ಮಾಡಬೇಕು?

ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ಸ್ಟಿರಾಯ್ಡ್ ಕ್ರೀಮ್ ಹಚ್ಚುವುದು, ಬೇವು-ಅರಿಶಿನ ಅರೆದು ಬಳಿಯುವುದು ಬೇಡ. ವಾಸನೆಯಿಲ್ಲದ ಮಾಯಿಶ್ಚರೈಸರ್ ಸಾಕು. ಸುಮಾರು ಎರಡು ತಿಂಗಳಿಗೊಮ್ಮೆ ಚರ್ಮದ ವೈದ್ಯರಿಗೆ ಇಡೀ ಮೈ ತೋರಿಸಬೇಕು. ಕೆ.ಆರ್. ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗವಿದೆ. ಹೋಗುವಾಗ ಮಾತ್ರೆಯ ಚೀಟಿ ಕೈಯಲ್ಲಿರಲಿ.

ಚರ್ಮ ಸುಲಿಯುವುದು, ನೀರುಗುಳ್ಳೆ, ಬಾಯಿ ಅಥವಾ ಕಣ್ಣಲ್ಲಿ ಹುಣ್ಣು, ಜ್ವರದ ಜೊತೆ ದದ್ದು: ಇವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಮಾತ್ರೆ ಕೆಲದಿನ ನಿಲ್ಲಿಸುವುದೋ, ಡೋಸ್ ಇಳಿಸುವುದೋ ಕ್ಯಾನ್ಸರ್ ವೈದ್ಯರೇ ಹೇಳಬೇಕು.